ಜಾತ್ರೆಜ್ವರಕ್ಕೆ ಅಡ್ಡ ನಿಂತ ಅಂಬಿಗ

"ಕೇಳ್ರಪ್ಪೋ ಕೇಳಿ! ಹೊಳೆಯಮ್ಮನ ಜಾತ್ರೆ ಹತ್ತಿರ ಬಂತು. ಹೋದ ವರ್ಷ ಜಾತ್ರೆ ಮುಗಿಸಿ ಹೋದವರೆಲ್ಲ ಕೆಮ್ಮುತ್ತಾ ಮಲಗಿದರು. ನಮ್ಮ ಮಹಾರಾಣಿಯವರು ಮಲಗಿದವರು ಏಳಲೇ ಇಲ್ಲ. ಈಗ ಅವರ ಮಗಳು, ರಾಜಕುಮಾರಿ ಹೊನ್ನಾಂಬೆಯವರು, ಮೂರು ಒಗಟು ಇಡುತ್ತಾರೆ. ಬಿಡಿಸಿ ಜ್ವರ ಬರುವ ದಾರಿ ತೋರಿಸಿದವನು ಅವರ ಕೈ ಹಿಡಿಯಬಹುದು. ತಪ್ಪು ಹೇಳಿದವನ ತಲೆ ಹೋಗುತ್ತದೆ. ನಡುವೆ ಸಭೆ ಬಿಟ್ಟು ಎದ್ದವನಿಗೆ ಯಾವ ಹಕ್ಕೂ ಇಲ್ಲ!"

ಸಿರಿಹೊಳೆ ಅರಮನೆಯ ಈ ಡಂಗುರ ಕೇಳಿ ನಾಡಿನ ಗಂಡುಗಳೆಲ್ಲ ಮೀಸೆ ತಿರುವಿದರು. ಗೆದ್ದವನು ಯಾರು ಗೊತ್ತೇ? ನಮ್ಮೂರು ತೊರೆಕೊಪ್ಪದವನು! ಹರಿಗೋಲು ಹಾಕುವ ಅಂಬಿಗರ ದ್ಯಾವ. ಆಚೆ ದಡದ ಹಾಲುಗುಡ್ಡೆಯವರು ಅವನನ್ನು ತಮ್ಮವನೆಂದು ಹೇಳಿಕೊಂಡು ತಿರುಗುತ್ತಾರೆ, ನಂಬಬೇಡಿ. ಅಂಥವನೊಬ್ಬ ಅವರಲ್ಲಿ ಹುಟ್ಟಿದ್ದರೆ ತಾನೇ!

ದ್ಯಾವನಿಗೆ ಸಭೆಯಲ್ಲಿ ಜಾಗ ಸಿಕ್ಕಿದ್ದು ಚಪ್ಪಲಿ ಬಿಡುವ ಕಡೆ, ಕಂಬದ ಹತ್ತಿರ. ಪಾಳೇಗಾರನ ಮಗ ಜಟ್ಟಪ್ಪನಾಯಕನಿಗೆ ಬೆಳ್ಳಿಕಾಲಿನ ಆಸನ. ಜಟ್ಟಪ್ಪ ಶಾಲು ಹೊದ್ದು ಒಳಗೊಳಗೇ ಕೆಮ್ಮುತ್ತಿದ್ದ. ರಾಜಕುಮಾರಿ ಅದನ್ನು ಕೇಳಿ, "ನಾಯಕರಿಗೆ ಮೆಣಸಿನ ಕಷಾಯ ಕೊಡಿ" ಎಂದಳು. ದ್ಯಾವನ ಎದೆ ಚುರ್ ಎಂದಿತು. 'ಆಸನವೂ ಇವನಿಗೇ, ಕಷಾಯವೂ ಇವನಿಗೇ!' ಬೆಳಗ್ಗೆಯಿಂದ ಅವನ ತಲೆಯೂ ಸಿಡಿಯುತ್ತಿತ್ತು. ಆದರೆ ಜಟ್ಟಪ್ಪ ಕೂತಿರುವಾಗ ತಾನು ಎದ್ದುಹೋಗುವುದುಂಟೇ?

"ಮೊದಲನೆಯದು," ಎಂದಳು ಹೊನ್ನಾಂಬೆ. "ಕೊಟ್ಟರೂ ಕೊಟ್ಟವನ ಬಳಿ ಉಳಿಯುತ್ತದೆ. ಒಬ್ಬನ ಜೊತೆ ಜಾತ್ರೆಗೆ ಬಂದು, ನೂರು ಜನರ ಜೊತೆ ಹೊರಡುತ್ತದೆ. ಯಾರೂ ಅದನ್ನು ಬೇಡಿ ಪಡೆಯುವುದಿಲ್ಲ."

ಆಸ್ಥಾನ ಪಂಡಿತರ ಮಗ ಎದ್ದುನಿಂತು, "ವಿದ್ಯೆ!" ಎಂದ.

"ವಿದ್ಯೆಯನ್ನು ಬೇಡಿಯೇ ಪಡೆಯಬೇಕಲ್ಲವೇ?" ಎಂದಳು ರಾಜಕುಮಾರಿ. ಕಾವಲಿನವರು ಅವನ ರಟ್ಟೆ ಹಿಡಿದರು.

"ಜ್ವರ, ಅಮ್ಮಣ್ಣಿ," ಎಂದ ದ್ಯಾವ ಕಂಬದ ಹಿಂದಿನಿಂದ. "ನೆಗಡಿ, ಕೆಮ್ಮು, ಜ್ವರ."

ಎಲ್ಲರೂ ತಿರುಗಿ ನೋಡಿದರು. "ಯಾರೋ ಇವನು? ಮೀನಿನ ವಾಸನೆ ಬರ್ತಿದೆ!" ಎಂದ ಜಟ್ಟಪ್ಪ.

"ನಿಮಗೆ ಮೂಗು ಕಟ್ಟಿದೆ ನಾಯಕರೇ, ವಾಸನೆ ಹೇಗೆ ಬಂತು?"

ರಾಜಕುಮಾರಿ ನಗು ತಡೆದಳು. ಜಟ್ಟಪ್ಪ ಅದನ್ನು ಕಂಡು ಕೆಂಪಗಾದ.

"ಎರಡನೆಯದು. ಎಲ್ಲರೂ ಅದನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ, ತುಟಿಗೊತ್ತಿಕೊಳ್ಳುತ್ತಾರೆ. ಎಲ್ಲರ ಕಣ್ಣೀರನ್ನೂ ಮೂಗಿನ ನೀರನ್ನೂ ಅದು ತೆಗೆದುಕೊಳ್ಳುತ್ತದೆ. ಒಂದನ್ನೂ ತಾನು ಇಟ್ಟುಕೊಳ್ಳದೆ ಹಿಂದೆ ಬಂದವನಿಗೆ ಕೊಟ್ಟುಬಿಡುತ್ತದೆ."

"ಹೊಳೆ!" ಎಂದ ಜವಳಿ ಸೆಟ್ಟರ ಮಗ. ಅವನ ರಟ್ಟೆಗೂ ಕೈ ಬಿತ್ತು.

"ಹೊಳೆ ಹರಿದುಹೋಗುತ್ತೆ," ಎಂದ ದ್ಯಾವ. "ಅದು ಅಮ್ಮನ ಸೆರಗು. ಗುಡಿಯ ಕಂಬಕ್ಕೆ ಕಟ್ಟಿರ್ತಾರಲ್ಲ, ಅದು. ಮಡಿ ಅಂತ ಯಾರೂ ಅದನ್ನು ಒಗೆಯಲ್ಲ. ಜಾತ್ರೆ ಮುಗಿಯೋ ಹೊತ್ತಿಗೆ ಹಿಂಡಿದರೆ ನೀರು ಬರುತ್ತೆ."

ಪೂಜಾರಿಗಳು ಕಿವಿ ಮುಚ್ಚಿಕೊಂಡರು. ರಾಜಕುಮಾರಿ ಮುಚ್ಚಿಕೊಳ್ಳಲಿಲ್ಲ. ಅವಳ ತಾಯಿ ಆ ಸೆರಗನ್ನು ಮುಖಕ್ಕೊತ್ತಿಕೊಂಡದ್ದನ್ನು ಅವಳು ಕಂಡಿದ್ದಳು.

"ಮೂರನೆಯದು. ಮೈ ಕೆಂಡವಾಗಿ ಮಲಗಿದವನನ್ನು ಅದು ಎಬ್ಬಿಸುತ್ತದೆ. ಹೊಳೆ ದಾಟಿಸಿ ಜನರ ನಡುವೆ ನಿಲ್ಲಿಸುತ್ತದೆ. ಬಾಯಲ್ಲಿ ಅಮ್ಮನ ಹೆಸರು, ಕಣ್ಣು ಮಾತ್ರ ಪಕ್ಕದವನ ಮೇಲೆ. ಏನದು?"

"ಈ ಅಂಬಿಗ ಬಾಯಿ ತೆರೆಯುವ ಮೊದಲು ನಾನು ಹೇಳಬೇಕು!" ಎಂದು ಜಟ್ಟಪ್ಪ ತೂರಾಡುತ್ತಾ ಎದ್ದ. "ಭಕ್ತಿ!"

"ಭಕ್ತಿಗೆ ಪಕ್ಕದವನ ಗೊಡವೆ ಏಕೆ, ನಾಯಕರೇ?" ಎಂದಳು ಹೊನ್ನಾಂಬೆ.

ಕಾವಲಿನವರು ಅವನನ್ನೂ ಹಿಡಿದರು. ಉತ್ತರ ಹೇಳುವ ಧೈರ್ಯ ಮಾಡಿದವರಲ್ಲಿ ಉಳಿದವನು ದ್ಯಾವ ಒಬ್ಬನೇ.

"ಹೊಟ್ಟೆಕಿಚ್ಚು, ಅಮ್ಮಣ್ಣಿ. ಹೋದ ವರ್ಷ ಜ್ವರದಲ್ಲಿ ನಡುಗುತ್ತಿದ್ದ ಗೌಡರೊಬ್ಬರನ್ನು ದಾಟಿಸಿದೆ. 'ಮನೇಲಿ ಮಲಗಬಾರದೇ ಗೌಡ್ರೇ?' ಅಂದೆ. 'ನಾನು ಹೋಗದಿದ್ರೆ ಜಾತ್ರೇಲಿ ನಮ್ಮ ಮನೆಗೆ ಹಾಕೋ ಮರ್ಯಾದೆ ಹಾರ ನನ್ನ ದಾಯಾದಿ ಕೊರಳಿಗೆ ಬೀಳುತ್ತೆ ಕಣೋ. ಒಂದು ಸಲ ಬಿದ್ದರೆ ಮುಗೀತು, ಆ ಮರ್ಯಾದೆ ಅವನ ಮನೆಗೇ ಹೋಗುತ್ತೆ' ಅಂದರು. ಅವರ ಮಾತು ಯಾಕೆ? ನಾಯಕರು ಮೈ ಸುಡುತ್ತಿದ್ದರೂ ಕೂತಿದ್ದರು, ನನಗೆ ಬಿಟ್ಟುಕೊಡಬಾರದು ಅಂತ. ನನಗೂ ಬೆಳಗ್ಗೆಯಿಂದ ಜ್ವರ. ಅವರಿಗೆ ಬಿಟ್ಟುಕೊಡಬಾರದು ಅಂತ ನಿಂತಿದ್ದೀನಿ. ನೀವು ಕೊಡಿಸಿದ ಕಷಾಯ ಅವರು ಕುಡಿದರಲ್ಲ, ಆ ಉರಿ ಇನ್ನೂ ಇಳಿದಿಲ್ಲ. ಎದ್ದವನಿಗೆ ಹಕ್ಕಿಲ್ಲ ಅಂತ ಡಂಗುರ ಹೊಡೆಸಿದಿರಿ. ಇನ್ನು ನಾವು ಏಳೋದು ಹೇಗೆ?"

ಹೀಗೆಂದು ಅವನು ಹೆಗಲ ವಸ್ತ್ರದಿಂದ ಬಾಯಿ ಮುಚ್ಚಿಕೊಂಡು, ನಡೆದು, ಹೊಸ್ತಿಲು ದಾಟಿ ಅಂಗಳಕ್ಕಿಳಿದ.

"ಎದ್ದ! ಎದ್ದ!" ಜಟ್ಟಪ್ಪ ಕಾವಲಿನವರ ನಡುವೆಯೇ ಕುಣಿದ. "ಅವನ ಹಕ್ಕು ಹೋಯ್ತು!"

"ನಿಮ್ಮ ತಲೆಯೇ ಹೋಗುವುದರಲ್ಲಿದೆ, ಅವನ ಹಕ್ಕಿನ ಚಿಂತೆ ನಿಮಗೆ!" ಎಂದಳು ಹೊನ್ನಾಂಬೆ. "ಮೂರನೆಯ ಉತ್ತರವನ್ನು ನಿಮಗಿಂತ ಚೆನ್ನಾಗಿ ಯಾರು ತೋರಿಸಿಯಾರು?"

ಅವಳು ಎದ್ದು ತನ್ನ ಡಂಗುರದ ಆ ಮಾತನ್ನು ತಾನೇ ರದ್ದು ಮಾಡಿದಳು. ದ್ಯಾವ ಗೆದ್ದನೆಂದಳು. ಏನು ಬೇಕೆಂದು ಕೇಳಿದಾಗ ಅವನು ಅಂಗಳದಿಂದಲೇ, "ನೀವಂತೂ ಬೇಕು. ಜೊತೆಗೆ ಆ ಮೂವರ ತಲೆ ಉಳಿಯಲಿ" ಎಂದು ಕೂಗಿದ. ನಾನಾಗಿದ್ದರೆ ಜಟ್ಟಪ್ಪನ ವಿಷಯದಲ್ಲಿ ಸ್ವಲ್ಪ ಯೋಚನೆ ಮಾಡುತ್ತಿದ್ದೆ.

ಆಮೇಲೆ ಹೊಸ ಡಂಗುರ ಹೊರಟಿತು: ಕೆಮ್ಮುವವರು ಮನೆಯಲ್ಲೇ ಇರಲಿ, ಅವರ ಹಾರ ಬಾಗಿಲಿಗೇ ಬರುತ್ತದೆ, ಅವರ ಮರ್ಯಾದೆಯನ್ನು ಯಾರೂ ಮುಟ್ಟುವಂತಿಲ್ಲ. ಅಮ್ಮನ ಸೆರಗನ್ನು ಕುದಿಯುವ ನೀರಿಗೆ ಹಾಕಿ ಒಗೆದು, ಕೈಗೆ ಸಿಗದಷ್ಟು ಎತ್ತರಕ್ಕೆ ಕಟ್ಟಿದರು. ಜನ ದೂರದಿಂದಲೇ ಕೈಮುಗಿದರು. ಆ ವರ್ಷ ಜಾತ್ರೆ ಮುಗಿಸಿ ಹೋದವರು ಮಾರನೆಯ ದಿನ ಎದ್ದು ಗದ್ದೆಗೆ ಹೋದರು. ಕೆಮ್ಮು ನಿಂತ ಮೇಲೆ ದ್ಯಾವನಿಗೂ ಹೊನ್ನಾಂಬೆಗೂ ಮದುವೆಯಾಯಿತು.

ಮದುವೆಗೆ ಮೊದಲು, ಆ ಜಾತ್ರೆಯ ದಿನ ಮಾತ್ರ ದ್ಯಾವನೂ ಜಟ್ಟಪ್ಪನೂ ಅರಮನೆಯ ಎದುರುಬದುರು ಕೋಣೆಗಳಲ್ಲಿ ಕಂಬಳಿ ಹೊದ್ದು ಮಲಗಿದ್ದರು. ಹೊನ್ನಾಂಬೆ ಮೂಗಿಗೆ ಸೆರಗು ಹಿಡಿದು ಹೊಸ್ತಿಲಾಚೆಯಿಂದ ದ್ಯಾವನ ಹಾರವನ್ನು ಗೂಟಕ್ಕೆ ಹಾಕಿದಳು. ಅವನು ಕತ್ತೆತ್ತಿ ಎದುರು ಕೋಣೆಯತ್ತ ನೋಡಿದ.

"ಅವನದು ಇದಕ್ಕಿಂತ ಉದ್ದ ಇದೆಯಾ?"

"ಅವರೂ ಈಗ ತಾನೇ ಇದನ್ನೇ ಕೇಳಿದರು. ಎರಡೂ ಒಂದೇ ಅಳತೆ, ನಾನೇ ನಿಂತು ಕಟ್ಟಿಸಿದ್ದು. ಸುಮ್ಮನೆ ಮಲಗು."