ಹಟ್ಟಿಯಲ್ಲಿ ಸನ್ಮಾನ

ಆಡಿನ ಹಟ್ಟಿಯಲ್ಲಿ ಆ ದಿನ ಏನಾಯಿತು, ಹೇಳಿ ನೋಡೋಣ? ಬಿಡಿ, ನಿಮಗೆ ಹೊಳೆಯುವವರೆಗೆ ಕಾಯುವ ತಾಳ್ಮೆ ನನಗೇ ಇಲ್ಲ! ಹಟ್ಟಿಯ ಯಜಮಾನ ಕೋಡಂಗಿಯ ತೊಗಲುಗೊಂಬೆಯೊಂದನ್ನು ತಂದು ಬಾಗಿಲಿಗೆ ತೂಗುಹಾಕಿದ್ದ. ಸಂಜೆಯಾದರೆ ಅದು ಹಾಡಿ ಕುಣಿದು ಆಡುಗಳನ್ನು ನಗಿಸುತ್ತಿತ್ತು. ನಗುವಿನ ನಡುವೆ, "ಕೊಯ್ಯುವುದು ಎಂಬ ಒರಟು ಮಾತೇಕೆ ಸ್ವಾಮಿ? ಸನ್ಮಾನ ಎನ್ನಿ" ಎನ್ನುತ್ತಿತ್ತು. ಆಡುಗಳಿಗೆ ಆ ಮಾತು ಹಿಡಿಸಿತು. ಸ್ವಲ್ಪ ದಿನಕ್ಕೆಲ್ಲ "ಈ ಹಬ್ಬಕ್ಕೆ ಸನ್ಮಾನ ಯಾರಿಗೆ?" ಎಂದು ಪೈಪೋಟಿಯೇ ಶುರುವಾಯಿತು ನೋಡಿ.

ಯಜಮಾನ ಬಾಗಿಲು ತೆರೆದಾಗ ಎಲ್ಲರಿಗಿಂತ ಮುಂದೆ ನುಗ್ಗಿದ್ದು ಹಂಡ ಎಂಬ ಎಳೆಯ ಹೋತ. ತಾಯಿ ಕೆಂಚಿ ಅಡ್ಡ ನಿಂತಳು.

"ದಾರಿ ಬಿಡವ್ವಾ, ಹೊಟ್ಟೆಕಿಚ್ಚು ಪಡಬೇಡ."

"ಹೋಗಪ್ಪಾ, ತಡೆಯುವುದಿಲ್ಲ. ಯಾತಕ್ಕೆ ಹೋಗುತ್ತೀಯೆಂದು ನಮ್ಮ ಹಳೆಯ ಮಾತಿನಲ್ಲಿ ಒಮ್ಮೆ ಹೇಳಿ ಹೋಗು."

"ಅಷ್ಟೇ ತಾನೆ? ನಾನು ಕೊಯ್ಯಿಸಿಕೊಳ್ಳಲು..." ಎನ್ನುತ್ತಲೇ ಹಂಡನ ಕಾಲುಗಳು ನಿಂತೇಬಿಟ್ಟವು.

"ಛೆ, ಎಂಥ ಅಸಭ್ಯ ಭಾಷೆ!" ಎಂದಿತು ಗೊಂಬೆ.

ಕೆಂಚಿ ತಲೆಯೆತ್ತಿ ಕೇಳಿದಳು: "ನಿನ್ನ ಮೈಮೇಲಿನ ಚರ್ಮ ಯಾರದಪ್ಪಾ?"

"ಹೋದ ವರ್ಷ ಸನ್ಮಾನ ಆದವರದು" ಎಂದುಬಿಟ್ಟಿತು ಗೊಂಬೆ, ಅಭ್ಯಾಸಬಲ.

ಈ ಸಲ ಯಾರೂ ನಗಲಿಲ್ಲ. ಹಂಡ ಬೇಲಿ ಹಾರಿದ, ಅವನ ಹಿಂದೆ ಇಡೀ ಹಟ್ಟಿಯೇ ಹಾರಿತು. ಯಜಮಾನನ ಮನೆಯಲ್ಲಿ ಅವತ್ತು ಬರೀ ಹುರುಳಿಕಾಳಿನ ಸಾರು. ಅದೂ ಯಾವತ್ತು ಅಂತೀರಿ? ಯುಗಾದಿಯ ಮರುದಿನ, ಊರಿಗೆ ಊರೇ ಬಾಡೂಟ ಮಾಡುವ ಹೊಸತೊಡಕಿನ ಬುಧವಾರ!