ಏಕಾದಶಿಯ ಮಫಿನ್

ಅಂದು ಏಕಾದಶಿ, ಧಾನ್ಯ ಮುಟ್ಟದ ದಿನ. ಅಂಬುಜಾಬಾಯಿ ಗೋಧಿಹಿಟ್ಟು ಸೋಕಿಸದೆ, ಕ್ಯಾರೆಟ್ ತುರಿಗೆ ಬಾದಾಮಿ ಪುಡಿ ಕಲಸಿ ಒಂದು ಮಫಿನ್ ಬೇಯಿಸಿದರು. ಅದು ಆರಿದ ಮೇಲೆ ಬೆಣ್ಣೆಹಣ್ಣು, ಚಾಕೊಲೇಟು ಅರೆದ ಫ್ರಾಸ್ಟಿಂಗನ್ನು ಅದರ ನೆತ್ತಿಗೆ ಬಳಿದು, ಅಡುಗೆಮನೆಯ ಕಿಟಕಿಯಲ್ಲಿಟ್ಟು ಜಪಕ್ಕೆ ಕೂತರು.

ಆಗ ಗುಬ್ಬಿಯೊಂದು ಬಂದು, ಪಕ್ಕದಲ್ಲಿದ್ದ ಅಕ್ಕಿಡಬ್ಬಿಯ ಬಳಿ ಬೇಡಿತು: "ಅಣ್ಣಾ, ನನ್ನ ಮರಿ ನಿನ್ನೆಯಿಂದ ಉಪವಾಸ. ನಾಲ್ಕು ಕಾಳು ಕೊಡು."

"ಮುಚ್ಚಳ ಸಡಿಲವಿದೆ ತಾಯಿ, ತಗೋ," ಎಂದಿತು ಡಬ್ಬಿ.

"ಹರಿ ಹರೀ! ಏಕಾದಶಿಯ ದಿನ ಅಕ್ಕಿಯೇ?" ಎಂದು ಮಫಿನ್ ಗದರಿತು. "ಮರಿಯ ತಲೆಗೆ ಪಾಪ ಕಟ್ಟಬೇಡ ಗುಬ್ಬಕ್ಕ. ನನ್ನಲ್ಲಿ ಒಂದು ಕಾಳೂ ಇಲ್ಲ, ಮೈಗೂ ಹಿತ. ನನ್ನ ನೆತ್ತಿಯ ಮೇಲಿನದನ್ನೇ ಒಯ್ಯಿ."

"ವ್ರತ ಹಿಡಿದದ್ದು ಅಂಬುಜಾಬಾಯಿ, ಮರಿಯಲ್ಲ," ಎಂದಿತು ಡಬ್ಬಿ.

"ಇವತ್ತು ನಿನ್ನನ್ನು ಯಾರೂ ಮುಟ್ಟಲ್ಲ, ಅದಕ್ಕೇ ಹೊಟ್ಟೆಕಿಚ್ಚು!" ಎಂದು ಮಫಿನ್ ನಕ್ಕಿತು.

ಗುಬ್ಬಿ ದೈವಭಕ್ತೆ. ಪಾಪಕ್ಕೆ ಹೆದರಿ, ಕೊಕ್ಕಿನ ತುಂಬ ಫ್ರಾಸ್ಟಿಂಗನ್ನೇ ಗೂಡಿಗೆ ಒಯ್ದಿತು.

ಮನುಷ್ಯರಿಗೆ ಹಿತವಾದ ಬೆಣ್ಣೆಹಣ್ಣೂ ಚಾಕೊಲೇಟೂ ಹಕ್ಕಿಗೆ ವಿಷ. ಅದು ಮಫಿನ್ನಿಗೂ ತಿಳಿದಿರಲಿಲ್ಲ, ಗುಬ್ಬಿಗೂ ತಿಳಿದಿರಲಿಲ್ಲ. ತಿಳಿದಿದ್ದ ಭಗವಂತ ಡಬ್ಬಿಯ ಮುಚ್ಚಳವನ್ನು ಸಡಿಲ ಬಿಟ್ಟಿದ್ದ.

ದ್ವಾದಶಿಯ ಬೆಳಿಗ್ಗೆ ಅಂಬುಜಾಬಾಯಿ ಪಾರಣೆಯ ಅನ್ನಕ್ಕೆಂದು ಅಕ್ಕಿ ತೆಗೆದು, ಡಬ್ಬಿಯನ್ನು ತೆರೆದೇ ಇಟ್ಟು ಹೋದರು. ಗುಬ್ಬಿ ಬಂದು ಕಿಟಕಿಯಲ್ಲಿ ಕೂತಿತು.

"ವ್ರತ ಮುಗಿಯಿತು ತಾಯಿ, ಈಗಲಾದರೂ ತಗೋ," ಎಂದಿತು ಡಬ್ಬಿ.

"ಯಾರಿಗೆ ಅಂತ ತಗೊಳ್ಳಲಿ, ಅಣ್ಣಾ?" ಎಂದಿತು ಗುಬ್ಬಿ.