ಮೊಲದವ್ವ ಮೂಗು ಮುಟ್ಟಿಸುವುದಿಲ್ಲ, ಯಾಕೆ?

ಭೂಮಿ ಇನ್ನೂ ಹೊಸದಾಗಿದ್ದ ಕಾಲ. ಬೆಟ್ಟಗಳು ತಮ್ಮ ತಮ್ಮ ಜಾಗ ಹುಡುಕಿಕೊಂಡು ಆಗಷ್ಟೇ ಕೂತಿದ್ದವು. ಹಳ್ಳ ಎತ್ತ ಹರಿಯಬೇಕೆಂದು ತಿಳಿಯದೆ ದಿನಕ್ಕೊಂದು ದಾರಿ ಹಿಡಿಯುತ್ತಿತ್ತು.

ಆಗ ಮೊಲಗಳು ಈಗಿನ ಹಾಗೆ ಒಂಟಿಯಾಗಿ ಇರುತ್ತಿರಲಿಲ್ಲ. ಹುಲ್ಲುಗಾವಲಿನ ಅಡಿಯಲ್ಲಿ ಒಂದೇ ಒಂದು ದೊಡ್ಡ ಬಿಲ. ಅದರೊಳಗೆ ಅಜ್ಜಿ, ಅಜ್ಜ, ಅಕ್ಕ, ತಂಗಿ, ಮಾವ, ಮಾವನ ಮಕ್ಕಳು, ಅವರ ಮಕ್ಕಳು, ಎಲ್ಲರೂ ಒತ್ತೊತ್ತಾಗಿ ಮಲಗುತ್ತಿದ್ದರು. ಒಬ್ಬರು ಮಗ್ಗುಲು ಬದಲಿಸಿದರೆ ಸಾಲಿನವರೆಲ್ಲ ಬದಲಿಸಬೇಕು! ಸಂಜೆ ಮೇಯಲು ಹೊರಟರೆ ಹುಲ್ಲುಗಾವಲಿನ ಹಸಿರೇ ಕಾಣುತ್ತಿರಲಿಲ್ಲ, ಅಷ್ಟು ಮೊಲಗಳು.

ಆ ಬಿಲಕ್ಕೆ ಹಿರಿಯಳು ಹುಲ್ಲಜ್ಜಿ. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದು ಮನುಷ್ಯರ ಗಾದೆ. ಮೊಲಗಳಿಗೆ ಆ ಗಾದೆ ಸೇರುವುದಿಲ್ಲ ಬಿಡಿ, ಆದರೆ ಹುಲ್ಲಜ್ಜಿಯ ಹಟ ಮಾತ್ರ ಹಾಗೆಯೇ ಇತ್ತು. ಅವಳು ಕಾಪಾಡಿಕೊಂಡು ಬಂದ ಪದ್ಧತಿ ಒಂದಿತ್ತು. ಯಾರಿಗಾದರೂ ಹುಷಾರು ತಪ್ಪಿದರೆ ಬಿಲದವರೆಲ್ಲ ಸಾಲಾಗಿ ಹೋಗಿ ಮೂಗಿಗೆ ಮೂಗು ಮುಟ್ಟಿಸಬೇಕು.

"ನೋವು ಒಬ್ಬರ ಹತ್ರ ಇದ್ರೆ ಭಾರ. ಎಲ್ರೂ ಚೂರು ಚೂರು ಹಂಚ್ಕೊಂಡ್ರೆ ಹಗುರ," ಎನ್ನುತ್ತಿದ್ದಳು ಹುಲ್ಲಜ್ಜಿ.

ಕಾಲಿಗೆ ಮುಳ್ಳು ಚುಚ್ಚಿದರೂ ಮೂಗಿಗೆ ಮೂಗು. ಗರಿಕೆ ಹೆಚ್ಚು ತಿಂದು ಹೊಟ್ಟೆ ಉಬ್ಬಿದರೂ ಮೂಗಿಗೆ ಮೂಗು. ಮುಳ್ಳು ಹೇಗೂ ಹೊರಗೆ ಬರುತ್ತಿತ್ತು, ಹೊಟ್ಟೆ ಹೇಗೂ ಇಳಿಯುತ್ತಿತ್ತು. ನೋಡಿದಿರಾ, ಹಂಚಿಕೊಂಡಿದ್ದಕ್ಕೇ ವಾಸಿಯಾಯಿತು ಎಂದು ಎಲ್ಲರೂ ಕಿವಿ ಅಲ್ಲಾಡಿಸುತ್ತಿದ್ದರು.

ಆ ಬಿಲದ ತುದಿಯ ಮೂಲೆಯಲ್ಲಿ, ತನ್ನದೇ ಬಾಗಿಲಿದ್ದ ಸಣ್ಣ ಗೂಡಿನಲ್ಲಿ ಕೆಂಚಿ ಎಂಬ ಮೊಲ ಇತ್ತು. ಮೂರು ಮರಿ ಹಾಕಿದ ಹಸಿ ಬಾಣಂತಿ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಇವು ಹೆಗ್ಗಣಗಳಲ್ಲ, ನಿಜವಾಗಿಯೂ ಮುದ್ದು ಮರಿಗಳು. ದೊಡ್ಡದಕ್ಕೆ ಹುಟ್ಟಿದ ದಿನದಿಂದಲೇ ಒಂದು ಕಡೆ ಕೂರಲಾಗದು. ಬಾಣಂತಿ ಹೊರಗೆ ಬರುವ ಹಾಗಿರಲಿಲ್ಲವಾದ್ದರಿಂದ ಅಕ್ಕ ಸುಬ್ಬಿ ದಿನಾ ಸಂಜೆ ಎಳೆ ಗರಿಕೆ ತಂದು ಕೊಡುತ್ತಿದ್ದಳು.

ಒಂದು ಸಂಜೆ ಸುಬ್ಬಿ ಬಾಗಿಲಲ್ಲೇ ನಿಂತು ಏದುಸಿರು ಬಿಟ್ಟಳು.

"ಕೆಂಚೀ, ಹಳ್ಳದ ಆಚೆ ಮೇಯೋಕೆ ಹೋಗಿದ್ದ ನಮ್ಮ ಮಾವ ಬಂದವ್ನೆ ಕಣೇ. ಕಣ್ಣು ಊದ್ಕೊಂಡು ಮುಚ್ಚೇ ಹೋಗವೆ. ಎಲ್ರೂ ಮೂಗು ಮುಟ್ಟಿಸಿದ್ವಿ. ಬಾಣಂತಿ ಆದ್ರೂ ನೀನೂ ನಾಳೆ ಬಂದು ಮುಟ್ಟಿಸಿ ಹೋಗು, ಇಲ್ದಿದ್ರೆ ಅಜ್ಜಿ ಸುಮ್ನಿರಲ್ಲ."

"ಆಗ್ಲಿ ಅಕ್ಕ, ಬತ್ತೀನಿ," ಎಂದಳು ಕೆಂಚಿ.

ಅಷ್ಟರಲ್ಲಿ ದೊಡ್ಡ ಮರಿ ಕುಪ್ಪಳಿಸುತ್ತಾ ಬಾಗಿಲಿಗೆ ಹೋಯಿತು. "ಅಯ್ಯೋ ನನ್ನ ಬಂಗಾರ!" ಎಂದು ಸುಬ್ಬಿ ಬಗ್ಗಿ ಅದರ ಮೂಗಿಗೆ ಮೂಗು ಮುಟ್ಟಿಸಿ ಹೊರಟುಹೋದಳು.

ಮರುದಿನ ಮರಿಗಳನ್ನು ಬಿಟ್ಟು ಹೋಗಲು ಕೆಂಚಿಗೆ ಆಗಲಿಲ್ಲ. ಸಂಜೆ ಗರಿಕೆಯೂ ಬರಲಿಲ್ಲ. ಅದರ ಮರುದಿನವೂ ಸುಬ್ಬಿಯ ಸುಳಿವಿಲ್ಲ. ಕೆಂಚಿಗೆ ಮೊದಲು ಕೋಪ ಬಂತು. ಬಾಣಂತಿಯನ್ನು ಹೀಗಾ ಮರೆಯುವುದು! ಆಮೇಲೆ ಕಿವಿ ನಿಮಿರಿಸಿದಳು. ಬಿಲದಲ್ಲಿ ಒಂದು ಸದ್ದೂ ಇರಲಿಲ್ಲ. ಮಕ್ಕಳ ಜಗಳವಿಲ್ಲ, ಮಾವಂದಿರ ಗೊರಕೆಯಿಲ್ಲ.

ಮರಿಗಳನ್ನು ಅಲ್ಲೇ ಇರಲು ಹೇಳಿ ಅವಳು ಹೊರಗೆ ಬಂದಳು.

ಬಂದವಳು ಬಾಗಿಲಲ್ಲೇ ಕಲ್ಲಾಗಿ ನಿಂತಳು. ಇಳಿಬಿಸಿಲಲ್ಲಿ ಹುಲ್ಲುಗಾವಲು ತುಂಬ ಮೊಲಗಳು ಮಲಗಿದ್ದವು. ಮೇಯುತ್ತಿರಲಿಲ್ಲ, ಓಡುತ್ತಿರಲಿಲ್ಲ, ಸುಮ್ಮನೆ ಮಲಗಿದ್ದವು. ಕಣ್ಣುಗಳು ಊದಿ ಮುಚ್ಚಿದ್ದವು. ಅಲ್ಲಿ ಮಾವ, ಅವನ ಪಕ್ಕದಲ್ಲೇ ಅವನ ಮಕ್ಕಳು, ಆಚೆ ಬಾಯಲ್ಲಿ ಗರಿಕೆ ಕಚ್ಚಿಕೊಂಡೇ ಸುಬ್ಬಿ! ತಂಗಿಗೆಂದು ಕಿತ್ತ ಗರಿಕೆ.

"ಅಕ್ಕಾ! ಏಳಕ್ಕಾ!" ಕೆಂಚಿ ಕೂಗಿದಳು. ಯಾರೂ ಏಳಲಿಲ್ಲ. ಇಷ್ಟೊಂದು ಮಂದಿ ಎರಡೇ ದಿನದಲ್ಲಿ ಹೀಗಾಗುತ್ತಾರೆಯೇ? ಅವಳಿಗೆ ನಂಬಲಾಗಲಿಲ್ಲ. ಕಣ್ಣು ಮುಚ್ಚಿ ತೆರೆದಳು. ಹುಲ್ಲುಗಾವಲು ಹಾಗೆಯೇ ಇತ್ತು.

ಕಲ್ಲಿನ ಮರೆಯಲ್ಲಿ ಏನೋ ಮಿಸುಕಿತು. ಹುಲ್ಲಜ್ಜಿ! ಉಸಿರಿತ್ತು. ಕೆಂಚಿ ಅಳುತ್ತಾ ಓಡಿದಳು, ಕಲಿತ ಪದ್ಧತಿಯಂತೆ ಮೂಗು ಮುಂದೆ ಚಾಚಿದಳು.

ಧಡ್!

ಹುಲ್ಲಜ್ಜಿ ಹಿಂಗಾಲಿನಿಂದ ನೆಲಕ್ಕೆ ಗುದ್ದಿದಳು. ಕೆಂಚಿ ಬೆಚ್ಚಿ ನಿಂತಳು.

"ಬರಬ್ಯಾಡ! ದೂರ ನಿಲ್ಲು!"

"ಅಜ್ಜೀ, ಮೂಗು..."

ಧಡ್! "ಬ್ಯಾಡ ಅಂದೆ! ಹಂಚ್ಕೊಂಡ್ರೆ ಹಗುರ ಆಗ್ತದೆ ಅಂತಿದ್ದೆ. ಆಗ್ಲಿಲ್ಲ ಕಣೇ. ಈ ರೋಗ ಹಂಚಿದಷ್ಟೂ ಬೆಳೀತು. ನಾನೇ ಎಲ್ರನ್ನೂ ಸಾಲಾಗಿ ನಿಲ್ಲಿಸ್ದೆ. ಓಡು, ನಿನ್ನ ಮಕ್ಕಳನ್ನ ನೋಡ್ಕೋ."

ಅಷ್ಟು ಹೇಳಿ ಅಜ್ಜಿ ಕಾಲು ಚಾಚಿದಳು. ಮತ್ತೆ ಗುದ್ದಲಿಲ್ಲ.

ಕೆಂಚಿ ಗಾಳಿಯನ್ನು ಕೇಳಿದಳು, "ಗಾಳಿಯಪ್ಪಾ, ಇದನ್ನ ನೀನು ತಂದ್ಯಾ?"

"ಇಲ್ಲವ್ವ," ಎಂದಿತು ಗಾಳಿ. ಅದರ ದನಿಯೂ ಉಡುಗಿತ್ತು. "ನಾನು ನೋಡ್ತಾನೇ ಇದ್ದೆ. ಮೂಗಿಂದ ಮೂಗಿಗೆ ಹೋಯ್ತು. ಯಾರು ಯಾರು ಮುಟ್ಟಿಸಿದ್ರೋ, ಅವರೆಲ್ಲ ಮಲಗಿದ್ರು."

ಮೂಗಿಂದ ಮೂಗಿಗೆ! ಕೆಂಚಿಗೆ ಥಟ್ಟನೆ ನೆನಪಾಯಿತು. ಬಾಗಿಲಲ್ಲಿ ಸುಬ್ಬಿ ಬಗ್ಗಿದ್ದು, ದೊಡ್ಡ ಮರಿ ಮೂಗೆತ್ತಿದ್ದು. ಅವಳು ಗೂಡಿಗೆ ಓಡಿದಳು.

ದೊಡ್ಡ ಮರಿ ಬಾಗಿಲ ಹತ್ತಿರ ಒಂಟಿಯಾಗಿ ಕೂತಿತ್ತು. ಅದಕ್ಕೆ ಯಾವಾಗಲೂ ಬಾಗಿಲೇ ಇಷ್ಟ. ಉಳಿದೆರಡು ಮೂಲೆಯಲ್ಲಿ ನಿದ್ದೆ ಮಾಡುತ್ತಿದ್ದವು. ಯಾರಿಗೆ ಅಂಟಿದೆ, ಯಾರಿಗೆ ಇಲ್ಲ? ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಮೂರೂ ಒಟ್ಟಿಗೆ ಇದ್ದರೆ ಮೂರೂ ಹೋದಾವು.

"ಏಳ್ರಿ ಮಕ್ಕಳಾ. ಇನ್ನು ಈ ಬಿಲ ಬ್ಯಾಡ ನಮಗೆ."

ಚಿಕ್ಕದನ್ನು ಹಳ್ಳದ ಬದಿಯ ಹುಲ್ಲಿನಲ್ಲಿ ಕೂರಿಸಿದಳು. ನಡುವಿನದನ್ನು ದೂರದ ಮುಳ್ಳುಪೊದೆಯ ಬುಡದಲ್ಲಿ ಕೂರಿಸಿದಳು. ದೊಡ್ಡದನ್ನು ಇನ್ನೂ ದೂರ, ದಿಬ್ಬದ ಹುಲ್ಲಿನಲ್ಲಿ ಕೂರಿಸಿದಳು. "ಮಿಸುಕಬ್ಯಾಡಿ. ಸದ್ದು ಮಾಡಬ್ಯಾಡಿ. ನಾಳೆ ಸಂಜೆಗೆ ಬತ್ತೀನಿ," ಎಂದು ಒಂದೊಂದಕ್ಕೂ ಹೇಳಿದಳು.

ಮರುದಿನ ಸಂಜೆ ಬಂದಳು. ಚಿಕ್ಕದಕ್ಕೆ ಮೊದಲು ಹಾಲು ಕೊಟ್ಟಳು, ಆಮೇಲೆ ನಡುವಿನದಕ್ಕೆ, ಕೊನೆಗೆ ದೊಡ್ಡದಕ್ಕೆ.

ಹಾಲು ಕುಡಿದ ದೊಡ್ಡ ಮರಿ ಮುಖವೆತ್ತಿತು. ಅದರ ಕಣ್ಣಿನ ಅಂಚು ಕೆಂಪಗಾಗಿತ್ತು.

"ಅವ್ವಾ, ಮೂಗು."

ಮುಟ್ಟಿಸಬೇಕೆಂದು ಕೆಂಚಿಯ ಮೂಗು ತಾನಾಗಿಯೇ ಬಗ್ಗಿತು. ಚಿಕ್ಕದು ಹುಲ್ಲಿನಲ್ಲಿ ಕಾಯುತ್ತಿತ್ತು. ನಡುವಿನದು ಪೊದೆಯಲ್ಲಿ ಕಾಯುತ್ತಿತ್ತು. ಅವಳು ಮುಖ ತಿರುಗಿಸಿದಳು.

"ಇವತ್ತು ಬ್ಯಾಡ ಮಗಾ."

"ನಾಳೆ?"

ಕೆಂಚಿ ತುಸು ದೂರ ಹೋಗಿ, ಮರಿಗೆ ಕಾಣುವ ಹಾಗೆ ಕಿವಿ ಎತ್ತಿ ಕೂತಳು. ಮರಿ ಆ ಕಿವಿಗಳನ್ನೇ ನೋಡುತ್ತಾ ನಿದ್ದೆ ಹೋಯಿತು. ಮರುದಿನ ಸಂಜೆ ಅದು ಮುಖವೆತ್ತಲಿಲ್ಲ.

ಚಿಕ್ಕದು ಉಳಿಯಿತು. ನಡುವಿನದೂ ಉಳಿಯಿತು. ಹುಲ್ಲುಗಾವಲು ತುಂಬಿದ್ದ ಮೊಲಗಳಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು. ಅವು ಮತ್ತೆಂದೂ ಒಂದೇ ಬಿಲದಲ್ಲಿ ಕೂಡಿ ಮಲಗಲಿಲ್ಲ, ಮೂಗಿಗೆ ಮೂಗು ಮುಟ್ಟಿಸಲೂ ಇಲ್ಲ. ಅಪಾಯ ಕಂಡರೆ ಹುಲ್ಲಜ್ಜಿಯ ಹಾಗೆ ಹಿಂಗಾಲಿನಿಂದ ನೆಲ ಗುದ್ದುವುದನ್ನು ಮಾತ್ರ ಮರೆಯಲಿಲ್ಲ.

ಅದಕ್ಕೇ ಮಗು, ಹೊಲದ ಬದುವಿನ ಹುಲ್ಲಿನಲ್ಲಿ ಒಂದೇ ಒಂದು ಮೊಲದ ಮರಿ ಮಿಸುಕದೆ ಕೂತಿರುವುದು ಕಂಡರೆ, ಅಯ್ಯೋ ತಬ್ಬಲಿ ಎಂದು ಎತ್ತಿಕೊಂಡು ಬರಬೇಡ. ಅದರ ಅವ್ವ ಅಲ್ಲೇ ಎಲ್ಲೋ ಹುಲ್ಲಿನ ಆಚೆ ಕಿವಿ ಎತ್ತಿ ಕೂತು, ಸಂಜೆಯಾಗಲೆಂದು ಕಾಯುತ್ತಿರುತ್ತಾಳೆ.